ಕಂಟೋನ್ಮೆಂಟಿನಲ್ಲಿ ಇಳಿದ ಒಂದು ದಿನ

ಬಂಗಾರಪೇಟೆಯಿಂದ ಅತ್ತೆಯವರನ್ನು ಆಸ್ಪತ್ರೆಗೆ ಕರೆತರುವಾಗಲೆಲ್ಲ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಇಳಿಯುತ್ತಿದ್ದೆವು. "ಹಲಸೂರು ಸೋಮೇಶ್ವರನನ್ನು ಒಮ್ಮೆ ನೋಡೋಣವೇ?" ಎನ್ನುತ್ತಿದ್ದರು. "ರೈಲು ತಪ್ಪುತ್ತೆ ಅತ್ತೆ" ಎನ್ನುತ್ತಿದ್ದೆ. ಅವರು ಹೋಗಿ ವರ್ಷವಾಯಿತು. ಮೊನ್ನೆ ಚಿತ್ರಾನ್ನ ಕಟ್ಟಿಕೊಂಡು ಒಬ್ಬಳೇ ಹೊರಟೆ.

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ಇದೇ ದಾರಿಯಲ್ಲಿ, ಇದೇ ಕಂಟೋನ್ಮೆಂಟಿಗೆ. ನೀವು ಹೋದರೆ ಬೆಳಿಗ್ಗೆಯೇ ಹಲಸೂರಿಗೆ ಹೋಗಿಬಿಡಿ, ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ. ಗೋಡೆಯ ಮೇಲೆ ಗಿರಿಜಾ ಕಲ್ಯಾಣ ಕೆತ್ತಿದ್ದಾರೆ, ನೋಡದೆ ಬರಬೇಡಿ. ಅತ್ತೆಯ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ.

ಆಮೇಲೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, 1882ರ ಎತ್ತರದ ಕಟ್ಟಡ. ಮೇರಿ ಮಾತೆಗೆ ನಮ್ಮ ಹಾಗೇ ಸೀರೆ ಉಡಿಸಿದ್ದಾರೆ ಕಣ್ರೀ! ಅಂಚು ನೋಡುತ್ತಾ ಎಷ್ಟೋ ಹೊತ್ತು ನಿಂತುಬಿಟ್ಟೆ.

ರೈಲು ತಪ್ಪಿತು. ಮುಂದಿನದರಲ್ಲಿ ಬಂದೆ.