ಔಷಧಿ ಎಲ್ಲಿ ನಿಂತಿತ್ತು

ವೆಂಟಿಲೇಟರ್ ಮೇಲಿರುವವರಿಗೆ ಆ್ಯಂಟಿಬಯಾಟಿಕ್ಕನ್ನು ಉಸಿರಿನ ಜೊತೆ ಕೊಡಬೇಕಾದಾಗ ನಾನು ಬಹಳ ಕಾಲ ಡೋಸ್ ಬರೆದು ಸುಮ್ಮನಾಗುತ್ತಿದ್ದೆ. ಔಷಧಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡುತ್ತಿರಲಿಲ್ಲ.

ತಲೆಗೆ ಪೆಟ್ಟಾಗಿ ಬಂದಿದ್ದ ಒಬ್ಬರ ಕಫದ ಕಲ್ಚರ್‌ನಲ್ಲಿ ಅಸಿನೆಟೊಬ್ಯಾಕ್ಟರ್ ಬೆಳೆಯಿತು. ಕೊಲಿಸ್ಟಿನ್ ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದ ತಳಿ. ರಕ್ತನಾಳಕ್ಕೆ ಕೊಟ್ಟ ಕೊಲಿಸ್ಟಿನ್ ಶ್ವಾಸಕೋಶಕ್ಕೆ ಸಾಕಷ್ಟು ಇಳಿಯುವುದಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದಂತೂ ಇದ್ದದ್ದೇ. ಇಂಥ ಸೋಂಕಿಗೆ ರಕ್ತನಾಳ, ಉಸಿರು ಎರಡೂ ದಾರಿಯಲ್ಲಿ ಕೊಡಿ ಎಂದು 2016ರ ಅಮೆರಿಕದ ಮಾರ್ಗಸೂಚಿಯೂ ಸೂಚಿಸಿತ್ತು. ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಸೇರಿಸುವ ನೆಬ್ಯುಲೈಸೇಶನ್ ಶುರು ಮಾಡಿಸಿದೆ.

ಜ್ವರ ಇಳಿಯಲಿಲ್ಲ. ಎಕ್ಸ್‌ರೇ, ಕ್ರಿಯಾಟಿನಿನ್ ಎಲ್ಲ ದಿನವೂ ನೋಡಿದೆ. ಅವರ ಮಗಳಿಗೆ, "ಕ್ರಿಮಿ ಗಟ್ಟಿ ಇದೆಯಮ್ಮ, ಔಷಧಿಗೆ ಜಗ್ಗುತ್ತಿಲ್ಲ" ಎಂದೆ.

ರಾತ್ರಿ ಪಾಳಿಗೆ ಹೊಸದಾಗಿ ಬಂದ ಸಿಸ್ಟರ್ ಕೇಳಿದರು: "ಸರ್, ನೆಬ್ಯುಲೈಸ್ ಮಾಡುವಾಗ ಎಚ್‌ಎಂಇ ತೆಗೀಬೇಕಲ್ವಾ?" ಬೆಡ್ ಹತ್ತಿರ ಹೋಗಿ ನೋಡಿದೆ. ರೋಗಿಯ ಬಾಯಿಯ ಟ್ಯೂಬಿಗೂ ಯಂತ್ರದ ಕೊಳವೆಗಳು ಸೇರುವ ವೈ-ಪೀಸಿಗೂ ನಡುವೆ ಆ ಪುಟ್ಟ ಡಬ್ಬಿ. ಉಸಿರಿನ ತೇವ, ಬಿಸಿ ಉಳಿಯಲೆಂದು ನಾವೇ ಹಾಕುವಂಥದ್ದು. ನೆಬ್ಯುಲೈಸರ್ ಇದ್ದದ್ದು ಅದರಾಚೆ, ಯಂತ್ರದ ಕಡೆ. ಬಿಚ್ಚಿ ಕೈಗೆ ತೆಗೆದುಕೊಂಡೆ. ಒಳಗಿನ ಪದರ ತೊಪ್ಪೆಯಾಗಿತ್ತು, ಡಬ್ಬಿ ಭಾರವಾಗಿತ್ತು. ನಾನು ಬರೆದ ಔಷಧಿ ಅಲ್ಲಿ ನಿಂತಿತ್ತು.

ಅವರು ಉಳಿಯಲಿಲ್ಲ. ಔಷಧಿ ಒಳಗೆ ಹೋಗಿದ್ದರೆ ಉಳಿಯುತ್ತಿದ್ದರು ಎನ್ನಲಾರೆ. 2020ರಲ್ಲಿ ಪ್ರಕಟವಾದ 'ಇನ್‌ಹೇಲ್' ಅಧ್ಯಯನದಲ್ಲಿ ಒಳ್ಳೆಯ ಸಾಧನದಿಂದಲೇ ಅಮಿಕಾಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ಕನ್ನು ಉಸಿರಿನ ಜೊತೆ ಕೊಟ್ಟರೂ ಸಾವು ಕಡಿಮೆಯಾಗಲಿಲ್ಲ. ಆದರೆ ಕ್ರಿಮಿ ಜಗ್ಗುತ್ತಿಲ್ಲ ಎಂದು ಆ ಹುಡುಗಿಗೆ ಹೇಳುವ ಹಕ್ಕು ನನಗಿರಲಿಲ್ಲ. ಕೂರಿಸಿಕೊಂಡು ನಡೆದದ್ದನ್ನು ಹೇಳಿದೆ. "ಹಾಗಾದರೆ ಅಪ್ಪನಿಗೆ ಅದು ಸಿಗಲೇ ಇಲ್ಲವಾ?" ಎಂದಳು. ಉಸಿರಿನ ದಾರಿಯಲ್ಲಿ ಸಿಗಲಿಲ್ಲ ಎಂದೆ. ಎದ್ದು ಹೋದಳು.

ಈಗ ಡೋಸ್ ಬರೆಯುವ ಸಾಲಿನಲ್ಲೇ ಬರೆಯುತ್ತೇನೆ: ಎಚ್‌ಎಂಇ ತೆಗೆಯಿರಿ, ಉಸಿರು ಹೊರಬರುವ ಕೊಳವೆಯ ಫಿಲ್ಟರ್ ಬದಲಿಸಿ. ಔಷಧಿ ಕಟ್ಟಿಕೊಂಡು ಆ ಫಿಲ್ಟರ್ ಮುಚ್ಚಿದರೆ ಒಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ, ಹೃದಯವೇ ನಿಲ್ಲಬಹುದು. ಮೊದಲ ಡೋಸ್ ಮುಗಿಯುವ ತನಕ ಬೆಡ್ ಪಕ್ಕದಲ್ಲೇ ಇರುತ್ತೇನೆ. ಮುಗಿದ ಮೇಲೆ ಎಚ್‌ಎಂಇ ವಾಪಸ್ ಹಾಕಿದ್ದಾರಾ ಎಂದೂ ನೋಡಬೇಕು. ಮರೆತರೆ ಕಫ ಒಣಗಿ ಟ್ಯೂಬೇ ಕಟ್ಟಿಕೊಳ್ಳುತ್ತದೆ.