ಕಡಲಾಚೆ ಮೂಕವಾಗುವ ಫೋನು

ಪರದೇಶಕ್ಕೆ ಹೊರಟವರ ಮನೆಯಲ್ಲಿ ಸಾಮಾನು ಕಟ್ಟುವುದೇ ಒಂದು ಉತ್ಸವ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಬಾಣಂತಿಗೆ ಬೇಕಾದ ಲೇಹ್ಯ ಮುಂತಾದುವನ್ನೆಲ್ಲ ಹರಡಿಕೊಂಡು ತೂಗಿದ್ದೇ ತೂಗಿದ್ದು. ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂಬ ವಿಮಾನದವರ ಕಟ್ಟಳೆಯನ್ನು ಮೀರದಂತೆ, ಮಗಳಿಗೆ ಬೇಕಾದ ಯಾವುದನ್ನೂ ಬಿಡದಂತೆ ಗೃಹಿಣಿಯು ನಡೆಸುವ ಲೆಕ್ಕಾಚಾರಕ್ಕೆ ಬ್ಯಾಂಕಿನ ಗುಮಾಸ್ತರೂ ತಲೆದೂಗಬೇಕು. ಇಷ್ಟೆಲ್ಲ ಪರೀಕ್ಷೆ ನಡೆದರೂ ಯಜಮಾನರ ಅಂಗಿಯ ಜೇಬಿನಲ್ಲಿರುವ ಮೊಬೈಲ್ ಫೋನನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಇಲ್ಲಿ ಮಾತನಾಡುವ ಫೋನು ಅಲ್ಲಿಯೂ ಮಾತನಾಡೀತು ಎಂಬ ಭರವಸೆ. ಆ ಭರವಸೆಯು ಒಂದು ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಈಗ ಮತ್ತೆ ಸುಳ್ಳಾಗಿದೆ. ಆ ಕಥೆ ಸ್ವಾರಸ್ಯವಾಗಿದೆ.

ಹಳೆಯ ತಲೆಮಾರಿನವರಿಗೆ ಇದು ರೈಲಿನ ಉದಾಹರಣೆಯಿಂದ ಬೇಗನೆ ಮನದಟ್ಟಾದೀತು. ಹಿಂದೆ ಮದರಾಸಿನಿಂದ ಬೆಂಗಳೂರಿಗೆ ಬರುವ ಹಳಿ ಅಗಲವಾದುದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವುದು ಕಿರಿದು. ಮದರಾಸಿನ ಗಾಡಿ ಎಷ್ಟೇ ಭರ್ಜರಿಯಾಗಿದ್ದರೂ ಮೈಸೂರಿನ ಹಳಿಯ ಮೇಲೆ ಅದರ ಚಕ್ರ ಕೂಡುತ್ತಿರಲಿಲ್ಲ. ಪ್ರಯಾಣಿಕರು ಬೆಂಗಳೂರಿನಲ್ಲಿಳಿದು, ಕೂಲಿಯವನ ತಲೆಯ ಮೇಲೆ ಟ್ರಂಕು ಹೊರಿಸಿ, ಇನ್ನೊಂದು ಗಾಡಿ ಹತ್ತಬೇಕಾಗಿತ್ತು. ಫೋನುಗಳ ಲೋಕದಲ್ಲಿಯೂ ಹೀಗೆಯೇ ದೇಶಕ್ಕೊಂದು ಹಳಿ. 1980ರ ದಶಕದ ಯೂರೋಪಿನಲ್ಲಿ ಬ್ರಿಟನ್ನಿನದು ಒಂದು ಪದ್ಧತಿ, ಜರ್ಮನಿಯದು ಇನ್ನೊಂದು, ಫ್ರಾನ್ಸಿನದು ಮತ್ತೊಂದು. ಗಡಿ ದಾಟಿದೊಡನೆ ಕಾರಿನಲ್ಲಿ ಕೂಡಿಸಿದ್ದ ಬೆಲೆಬಾಳುವ ಫೋನು ಬರಿಯ ಭಾರವಾಗಿಬಿಡುತ್ತಿತ್ತು.

ಈ ಅವಸ್ಥೆಯನ್ನು ನೀಗಲೆಂದು 1982ರಲ್ಲಿ ಯೂರೋಪಿನ ಅಂಚೆ ತಂತಿ ಇಲಾಖೆಗಳು ಒಂದು ತಂಡವನ್ನು ನೇಮಿಸಿದವು. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳೇ ಜಿ.ಎಸ್.ಎಂ. 1987ರಲ್ಲಿ ಹದಿಮೂರು ದೇಶಗಳವರು ಕೋಪನ್‌ಹೇಗನ್ನಿನಲ್ಲಿ ಕೂಡಿ, ಎಲ್ಲರೂ ಒಂದೇ ಹಳಿ ಹಾಕುವುದೆಂದು ಸಹಿ ಹಾಕಿದರು. ಪರಸ್ಪರ ಎರಡು ಮಹಾಯುದ್ಧಗಳನ್ನು ಹೂಡಿದ್ದ ನೆರೆಹೊರೆಯವರು ಒಂದು ಯಂತ್ರದ ವಿಷಯದಲ್ಲಿ ಹೀಗೆ ಒಮ್ಮನಸ್ಸಾದದ್ದು ಸಾಮಾನ್ಯ ಸಂಗತಿಯಲ್ಲ. 1991ರ ಜುಲೈ 1ರಂದು ಫಿನ್‌ಲೆಂಡಿನ ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೆರಿಯವರು ಟಾಂಪೆರೆ ನಗರದ ಉಪಮೇಯರರೊಡನೆ ಈ ಪದ್ಧತಿಯ ಮೊದಲ ಕರೆಯನ್ನಾಡಿದರು. ಮರುವರ್ಷವೇ ಫಿನ್‌ಲೆಂಡಿನ ಮತ್ತು ಬ್ರಿಟನ್ನಿನ ಕಂಪನಿಗಳು ಒಬ್ಬರ ಗಿರಾಕಿಗೆ ಇನ್ನೊಬ್ಬರು ಆತಿಥ್ಯ ನೀಡುವ ಒಪ್ಪಂದ ಮಾಡಿಕೊಂಡುವು. ರೋಮಿಂಗ್ ಎಂದು ಇಂದು ಎಲ್ಲರೂ ಕರೆಯುವುದು ಇದನ್ನೇ. ಬಳಕೆದಾರನ ಗುರುತನ್ನು ಯಂತ್ರದಿಂದ ಬೇರ್ಪಡಿಸಿ ಸಿಮ್ ಎಂಬ ಚಿಕ್ಕ ಬಿಲ್ಲೆಯಲ್ಲಿ ಇಟ್ಟದ್ದು ಈ ಪದ್ಧತಿಯ ಜಾಣತನ. ಬಿಲ್ಲೆ ಬದಲಾಯಿಸಿದರೆ ಮನೆ ಬದಲಾದಂತೆ, ಯಂತ್ರ ಅದೇ.

ಭಾರತವೂ ಇದೇ ಹಳಿಯನ್ನು ಹಿಡಿಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖರಾಂ ಅವರೊಡನೆ ಮಾತನಾಡಿದಾಗ ನಮ್ಮ ದೇಶದ ಮೊಬೈಲ್ ಯುಗ ಆರಂಭವಾಯಿತು. ಆದರೆ ಅಮೆರಿಕ ಎಂದಿನಂತೆ ತನ್ನದೇ ದಾರಿ ಹಿಡಿದಿತ್ತು. ಭಾರತ, ಯೂರೋಪುಗಳಲ್ಲಿ ಜಿ.ಎಸ್.ಎಂ. ಫೋನುಗಳು 900 ಮತ್ತು 1800 ಮೆಗಾಹರ್ಟ್ಜ್ ತರಂಗಗಳ ಮೇಲೆ ನಡೆದರೆ ಅಲ್ಲಿ 850 ಮತ್ತು 1900. ಸಾಲದೆಂಬಂತೆ ಅಲ್ಲಿನ ಕೆಲವು ದೊಡ್ಡ ಕಂಪನಿಗಳದು ಸಿ.ಡಿ.ಎಂ.ಎ. ಎಂಬ ಬೇರೆಯೇ ಮತ. ಜಪಾನಿನದು ಇವೆರಡೂ ಅಲ್ಲದ ಸ್ವಂತ ಪದ್ಧತಿ. ಬೆಂಗಳೂರಿನಿಂದ ಟೋಕಿಯೋಗೆ ಹೋದ ಆ ದಿನಗಳ ಫೋನಿಗೆ ಗಡಿಯಾರದ ಕೆಲಸವೊಂದೇ ಉಳಿಯುತ್ತಿತ್ತು. ನಮ್ಮಲ್ಲಿಯೂ 2003ರಲ್ಲಿ 501 ರೂಪಾಯಿ ಮುಂಗಡ ಕೊಟ್ಟು ರಿಲಯನ್ಸ್ ಫೋನು ಕೊಂಡವರ ನೆನಪಿನಲ್ಲಿ ಸಿ.ಡಿ.ಎಂ.ಎ. ಇನ್ನೂ ಇದ್ದೀತು. ಆ ಫೋನುಗಳಲ್ಲಿ ಬಹುಪಾಲಿಗೆ ಸಿಮ್ ಇಡುವ ಗೂಡೇ ಇರಲಿಲ್ಲ.

ಕ್ರಮೇಣ ನಾಲ್ಕೂ ತರಂಗಗಳನ್ನು ಬಲ್ಲ ಫೋನುಗಳು ಬಂದುವು. ಮೂರನೆಯ ತಲೆಮಾರಿನ ಪದ್ಧತಿ ಬಂದು ಜಪಾನಿನ ಬಾಗಿಲೂ ತೆರೆಯಿತು. 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋಗಳಲ್ಲಿ ನಾಲ್ಕನೆಯ ತಲೆಮಾರಿನ ಎಲ್.ಟಿ.ಇ. ಕಣ್ಣುಬಿಟ್ಟಾಗ ಜಿ.ಎಸ್.ಎಂ.ನವರೂ ಸಿ.ಡಿ.ಎಂ.ಎ.ಯವರೂ ಒಂದೇ ಛತ್ರದೊಳಕ್ಕೆ ಬರತೊಡಗಿದರು. ಇನ್ನು ಜಗತ್ತಿಗೆಲ್ಲ ಒಂದೇ ಹಳಿ ಎಂದು ತಜ್ಞರು ನಿಟ್ಟುಸಿರು ಬಿಟ್ಟಿರಬೇಕು. ಎಡವಟ್ಟಾದದ್ದು ಇಲ್ಲಿಯೇ.

ಹಳೆಯ ಪದ್ಧತಿಗಳಲ್ಲಿ ಮಾತಿಗೆ ಪ್ರತ್ಯೇಕವಾದ ದಾರಿ ಇತ್ತು. ಎಲ್.ಟಿ.ಇ.ಯಲ್ಲಿ ಅದಿಲ್ಲ, ಅದು ಮೂಲತಃ ಇಂಟರ್ನೆಟ್ಟಿಗಾಗಿಯೇ ಕಟ್ಟಿದ ರಸ್ತೆ. ಆದುದರಿಂದ ಮೊದಮೊದಲು, ಕರೆ ಬಂದೊಡನೆ ಫೋನು ಸದ್ದಿಲ್ಲದೆ ಹಳೆಯ ರಸ್ತೆಗಿಳಿದು, ಮಾತು ಮುಗಿದ ಮೇಲೆ ಮತ್ತೆ ಮೇಲೇರುತ್ತಿತ್ತು. ಆಮೇಲೆ ಇಂಟರ್ನೆಟ್ಟಿನ ರಸ್ತೆಯಲ್ಲಿಯೇ ಮಾತನ್ನೂ ಸಾಗಿಸುವ ವಿಧಾನ ಬಂತು. ಅದಕ್ಕೆ ವೋಲ್ಟಿ ಎಂದು ಹೆಸರು. 2016ರಲ್ಲಿ ಜಿಯೋ ಕಂಪನಿ ನಮ್ಮ ದೇಶದಲ್ಲಿ ಆರಂಭವಾದಾಗ ಮಾತಿಗೆಲ್ಲ ಇದನ್ನೇ ನೆಚ್ಚಿಕೊಂಡಿತು. ಕಾಗದದ ಮೇಲೆ ವೋಲ್ಟಿಯೂ ಜಾಗತಿಕ ಪದ್ಧತಿಯೇ. ಆಚರಣೆಯಲ್ಲಿ ಮಾತ್ರ ಪ್ರತಿಯೊಂದು ಕಂಪನಿಯೂ ಫೋನಿನ ಪ್ರತಿಯೊಂದು ಮಾದರಿಯನ್ನು ತಾನೇ ಪರೀಕ್ಷಿಸಿ, ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಪಟ್ಟಿಯಲ್ಲಿಲ್ಲದ ಫೋನು ಚಿತ್ರ ತೋರಿಸೀತು, ಪತ್ರ ತಂದೀತು; ಬಾಯಿ ಮಾತ್ರ ಬಿಡಲಾರದು. ಹಳೆಯ ರಸ್ತೆ ಇದ್ದಷ್ಟು ಕಾಲ ಈ ಕೊರತೆ ಯಾರ ಗಮನಕ್ಕೂ ಬರಲಿಲ್ಲ. ಅಮೆರಿಕದ ಮೂರು ದೊಡ್ಡ ಕಂಪನಿಗಳೂ 2022ರೊಳಗೆ ತಮ್ಮ ಮೂರನೆಯ ತಲೆಮಾರಿನ ರಸ್ತೆಯನ್ನು ಮುಚ್ಚಿದಾಗ ಅದು ಬಯಲಿಗೆ ಬಿತ್ತು.

ಬಸವನಗುಡಿಯ ನಿವೃತ್ತ ಗಣಿತದ ಮೇಷ್ಟರೊಬ್ಬರು ಹಾಗೂ ಅವರ ಪತ್ನಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದದ್ದು 2023ರ ಅಕ್ಟೋಬರಿನಲ್ಲಿ. ಡಲ್ಲಾಸ್ ನಗರದ ಹೊರವಲಯದಲ್ಲಿ ಮಗಳ ಮನೆ. ಮೇಷ್ಟರ ಫೋನು 2018ರಲ್ಲಿ ಬೆಂಗಳೂರಿನಲ್ಲಿ ಕೊಂಡದ್ದು. ಐದು ವರ್ಷವಾದರೂ ಗಾಜಿಗೆ ಒಂದು ಗೀರು ಬಿದ್ದಿರಲಿಲ್ಲ. ಹೊಸದು ತೆಗೆದುಕೊಳ್ಳಿರೆಂದು ಮಗಳು ಹೇಳಿದಾಗ ಅವರು ಒಪ್ಪಲಿಲ್ಲ. ಅಳಿಯಂದಿರು ಅಲ್ಲಿನದೊಂದು ಸಿಮ್ ತಂದು ಹಾಕಿಕೊಟ್ಟರು. ಮೂರು ವಾರ ಎಲ್ಲವೂ ಸೊಗಸಾಗಿ ನಡೆಯಿತು. ಬೆಳಿಗ್ಗೆ ತಮ್ಮನೊಡನೆ ವಾಟ್ಸ್‌ಆಪಿನಲ್ಲಿ ಮಾತು, ಸಂಜೆ ಕನ್ನಡ ಪತ್ರಿಕೆ, ರಾತ್ರಿ ಸಂಗೀತ. ಆ ಫೋನು ಜೀವ ಹಿಡಿದಿದ್ದದ್ದು ಮನೆಯ ವೈಫೈಯಿಂದ, ಕಂಪನಿಯ ಗೋಪುರದಿಂದಲ್ಲ, ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಸಂದರ್ಭವೇ ಬರಲಿಲ್ಲ.

ನವೆಂಬರಿನ ಒಂದು ಸಂಜೆ ಮೇಷ್ಟರು ಒಬ್ಬರೇ ಗಾಳಿ ಸೇವನೆಗೆ ಹೊರಟರು. ಆ ಊರಿನಲ್ಲಿ ಮನೆಗಳೆಲ್ಲ ಅಚ್ಚು ಹಾಕಿದಂತೆ ಒಂದೇ ರೀತಿ. ಬೀದಿಗಳು ನೇರವಾಗಿ ಹೋಗದೆ ಬಳಸಿ ಬಳಸಿ ಮತ್ತೆ ತಮ್ಮನ್ನೇ ಸೇರಿಕೊಳ್ಳುತ್ತವೆ. ದಾರಿ ಕೇಳಲು ಬೀದಿಬದಿಯಲ್ಲಿ ಹೂವಿನವಳಿಲ್ಲ, ಬೀಡಾ ಅಂಗಡಿಯಿಲ್ಲ. ಐದೂವರೆಗೆಲ್ಲ ಕತ್ತಲಾಯಿತು. ಮೇಷ್ಟರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನದಿದ್ದರೆ ಕೈ ನಡುಗುತ್ತದೆ. ಫೋನು ತೆಗೆದು ಮಗಳ ಹೆಸರನ್ನೊತ್ತಿದರು. ಗಂಟೆ ಬಾರಿಸಲೂ ಇಲ್ಲ, ನಿರತವಾಗಿದೆಯೆಂಬ ದನಿಯೂ ಇಲ್ಲ. ಕರೆ ಹುಟ್ಟುವ ಮೊದಲೇ ಸತ್ತಿತು. ಇನ್ನೂ ಎರಡು ಬೀದಿ ನಡೆದು ಮತ್ತೊಮ್ಮೆ ಒತ್ತಿದರು. ಈ ಸಲ ಸಿಗ್ನಲ್ಲಿನ ಗೆರೆಗಳೇ ಮಾಯವಾಗಿದ್ದುವು.

ಮನೆಯಲ್ಲಿ ಅವರ ಪತ್ನಿ ಬಾಗಿಲಿಗೂ ಕಿಟಕಿಗೂ ತಿರುಗಾಡುತ್ತಿದ್ದರು. ಹಸಿ ಬಾಣಂತಿಯನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಅಳಿಯಂದಿರು ಕಚೇರಿಯಿಂದ ಬಂದಿಲ್ಲ. ಆರೂವರೆಯ ಹೊತ್ತಿಗೆ ನಾಯಿಯನ್ನು ಅಡ್ಡಾಡಿಸಲು ಬಂದ ಹೆಂಗಸೊಬ್ಬಳು, ಬೀದಿದೀಪದ ಕೆಳಗೆ ಕುಳಿತಿದ್ದ ಮುದುಕರನ್ನು ಕಂಡು ವಿಚಾರಿಸಿದಳು. ಮೇಷ್ಟರು ತಮ್ಮ ಫೋನಿನಲ್ಲಿದ್ದ ಮಗಳ ನಂಬರನ್ನು ತೋರಿಸಿದರು. ಆಕೆ ತನ್ನ ಫೋನಿನಿಂದ ಕರೆದಳು. ಪರಿಚಯವಿಲ್ಲದ ನಂಬರೆಂದು ಮಗಳು ಎರಡು ಸಲ ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದಳು.

“ಫೋನು ಕೈಯಲ್ಲೇ ಇತ್ತಲ್ಲಾಂದ್ರೆ, ಒಂದು ಮಾತು ಹೇಳಬಾರದಿತ್ತೆ?” ಎಂದು ಪತ್ನಿ ಮಜ್ಜಿಗೆ ಲೋಟವನ್ನು ಮುಂದಿಡುತ್ತ ಕೇಳಿದರಂತೆ. ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಾಗಿತ್ತು.

“ಮಾತು ಹೊರಡಲೇ ಇಲ್ಲ ಕಣೇ,” ಎಂದರು ಮೇಷ್ಟರು.

ಮರುದಿನ ಅಳಿಯಂದಿರು ವೈಫೈ ಆರಿಸಿ ಪರೀಕ್ಷೆಗೆ ಕುಳಿತಾಗ ಎರಡು ದೋಷಗಳು ಕಂಡುಬಂದುವು. ಭಾರತಕ್ಕೆಂದೇ ತಯಾರಾದ ಆ ಫೋನಿಗೆ, ಅವರು ತಂದಿದ್ದ ಸಿಮ್ಮಿನ ಕಂಪನಿಯು ಬಳಸುವ ತರಂಗಗಳಲ್ಲಿ 2500 ಮೆಗಾಹರ್ಟ್ಜಿನ ಸುಮಾರಿನದೊಂದೇ ತಿಳಿಯುತ್ತಿತ್ತು. ಎತ್ತರದ ತರಂಗ ಹೆಚ್ಚು ಮಾಹಿತಿಯನ್ನು ಹೊತ್ತರೂ ದೂರ ನಡೆಯದು, ಗೋಡೆಯನ್ನು ಸುಲಭವಾಗಿ ದಾಟದು. ದೂರಕ್ಕೂ ಗೋಡೆಗೂ ಆಗಿಬರುವ 600, 700 ಮೆಗಾಹರ್ಟ್ಜಿನ ತರಂಗಗಳ ಗಂಧವೇ ಅದಕ್ಕಿರಲಿಲ್ಲ. ಎರಡನೆಯದಾಗಿ, ಆ ಕಂಪನಿಯ ವೋಲ್ಟಿ ಪಟ್ಟಿಯಲ್ಲಿ ಆ ಮಾದರಿಯ ಹೆಸರಿರಲಿಲ್ಲ. ಗೋಪುರದ ಬುಡದಲ್ಲಿಯೇ ನಿಂತಿದ್ದರೂ ಮೇಷ್ಟರು ಇಂಟರ್ನೆಟ್ಟನ್ನು ನೋಡಬಹುದಿತ್ತೇ ಹೊರತು ಕರೆ ಮಾಡುವಂತಿರಲಿಲ್ಲ.

ಇದು ಅಮೆರಿಕಕ್ಕೆ ಮಾತ್ರ ಸೇರಿದ ತೊಡಕಲ್ಲ. ಆಸ್ಟ್ರೇಲಿಯದಲ್ಲಿ 2024ರಲ್ಲಿ ಮೂರನೆಯ ತಲೆಮಾರಿನ ಜಾಲಗಳು ಮುಚ್ಚಿದುವು. ಅಲ್ಲಿನ ತುರ್ತು ಸಂಖ್ಯೆಯಾದ 000ಕ್ಕೆ ವೋಲ್ಟಿಯ ಮೂಲಕ ಕರೆ ಮಾಡಲಾರದ ಫೋನುಗಳನ್ನು ಜಾಲಕ್ಕೇ ಸೇರಿಸಬಾರದೆಂದು ಸರ್ಕಾರ ಕಟ್ಟುನಿಟ್ಟು ಮಾಡಿತು. ಕಠಿಣವೆಂದು ತೋರಿದರೂ ಇದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಅಪಾಯದ ಗಳಿಗೆಯಲ್ಲಿ ಕೈಕೊಡುವ ಫೋನು ಮೊದಲೇ ಕೈಕೊಟ್ಟರೆ ಒಳಿತಲ್ಲವೆ? ಸಿಂಗಪುರದಲ್ಲಿ ಎರಡನೆಯ ತಲೆಮಾರಿನ ಜಾಲ 2017ರಲ್ಲಿಯೇ ಮುಚ್ಚಿಹೋಗಿದೆ. ಗುಂಡಿ ಒತ್ತುವ ಹಳೆಯ ಪುಟ್ಟ ಫೋನನ್ನು ಅಲ್ಲಿಗೆ ಒಯ್ದು ಫಲವಿಲ್ಲ. ಬ್ರಿಟನ್ನಿನವರು ಮೂರನೆಯದನ್ನು ಮೊದಲು ಮುಚ್ಚಿ, ಹಳೆಯದಾದ ಎರಡನೆಯದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ತಂದೆಗಿಂತ ಮೊದಲು ಮಗ ನಿವೃತ್ತನಾದಂತೆ!

ಹಾಗಾದರೆ ಪರದೇಶಕ್ಕೆ ಎಂತಹ ಫೋನು ಬೇಕು? ಬೆಲೆಯೊಂದನ್ನೇ ನೋಡಿ ಕೊಳ್ಳುವುದರಿಂದ ಇದು ಬಗೆಹರಿಯುವುದಿಲ್ಲ. ಒಂದೇ ಹೆಸರಿನ ಫೋನು ದೇಶಕ್ಕೊಂದು ವೇಷದಲ್ಲಿ ಮಾರಾಟವಾಗುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರಿಗಿಂತ ಸಣ್ಣಕ್ಷರದ ಮಾದರಿ ಸಂಖ್ಯೆಯೇ ಮುಖ್ಯ. ಅಮೆರಿಕಕ್ಕೆ ಹೋಗುವವರು ಆ ಮಾದರಿಗೆ 2, 4, 12, 13, 66 ಮತ್ತು 71 ಎಂಬ ಎಲ್.ಟಿ.ಇ. ಬ್ಯಾಂಡುಗಳಲ್ಲಿ ಯಾವುವು ಗೊತ್ತು ಎಂದು ನೋಡಬೇಕು. ಎಲ್ಲವೂ ಎಲ್ಲರಿಗೂ ಬೇಕಿಲ್ಲ: 13 ಒಂದು ಕಂಪನಿಗೆ, 71 ಇನ್ನೊಂದಕ್ಕೆ ಮುಖ್ಯ. ಆದುದರಿಂದ ಮೊದಲು ಕಂಪನಿ, ಆಮೇಲೆ ಫೋನು. *#06# ಎಂದು ಒತ್ತಿದರೆ ಫೋನಿನ ಹದಿನೈದು ಅಂಕಿಗಳ ಗುರುತು ಸಂಖ್ಯೆ ತೆರೆಯ ಮೇಲೆ ಮೂಡುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ಆ ಸಂಖ್ಯೆಯನ್ನು ನಮೂದಿಸಿ, ಈ ಫೋನು ತಮ್ಮಲ್ಲಿ ನಡೆಯುವುದೇ ಎಂದು ಬೆಂಗಳೂರಿನಲ್ಲಿ ಕುಳಿತೇ ಕೇಳಬಹುದು. ಐದು ನಿಮಿಷದ ಕೆಲಸ. ಇಳಿದ ದಿನವೇ ವೈಫೈ ಆರಿಸಿ, ಮನೆಯ ಹೊರಗೆ ನಿಂತು ಒಂದು ಕರೆ ಮಾಡಿ ನೋಡುವುದಕ್ಕೆ ಅಷ್ಟೂ ಬೇಡ.

ಅಮೆರಿಕದಲ್ಲಿರುವ ಮಕ್ಕಳು ತಮ್ಮ ಹಳೆಯ ಫೋನನ್ನು ತಂದೆತಾಯಿಗೆ ಕೊಡುವ ಪದ್ಧತಿ ಈಗ ಮನೆಮನೆಯಲ್ಲಿಯೂ ಇದೆ. ಅದು ಅಲ್ಲಿನ ಜಾಲಕ್ಕೆ ಒಗ್ಗಿದ್ದಾದ್ದರಿಂದ ಒಳ್ಳೆಯ ಉಪಾಯವೇ. ಆದರೆ ಕಂತಿನಲ್ಲಿ ಕೊಂಡ ಫೋನಿಗೆ ಕಂಪನಿಯ ಬೀಗವಿದ್ದರೆ, ಬೀಗ ತೆಗೆಸುವವರೆಗೆ ಅದು ಬೇರೆಯವರ ಸಿಮ್ಮನ್ನು ಒಪ್ಪುವುದಿಲ್ಲ. 2022ರಲ್ಲಿ ಬಂದ ಹದಿನಾಲ್ಕನೆಯ ಐಫೋನಿನಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಗೂಡೂ ಇಲ್ಲ. ಬಿಲ್ಲೆಯ ಬದಲು ಇ-ಸಿಮ್ ಎಂಬ ಅದೃಶ್ಯ ಗುರುತನ್ನು ಒಳಗೆ ಬರೆದುಕೊಳ್ಳುತ್ತವೆ. ಬಸವನಗುಡಿಯ ಸಿಮ್ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಅದರ ಮುಂದೆ ಕುಳಿತರೆ ಇಡುವ ಜಾಗವೇ ಸಿಕ್ಕದು. ಊರಿನ ನಂಬರನ್ನು ಹೊರಡುವ ಮೊದಲೇ ಇ-ಸಿಮ್‌ಗೆ ಬದಲಾಯಿಸಿಕೊಳ್ಳಬೇಕು; ಇಲ್ಲವೇ ಭಾರತದಲ್ಲಿ ಮಾರುವ, ಬಿಲ್ಲೆ ಮತ್ತು ಇ-ಸಿಮ್ ಎರಡಕ್ಕೂ ಎಡೆಯಿರುವ ಫೋನನ್ನು ಆರಿಸಬೇಕು.

ಊರಿನ ನಂಬರು ಅಲ್ಲೇಕೆ ಎಂದು ಕೇಳುವವರುಂಟು. ಪಿಂಚಣಿ ಜಮೆಯಾದ ಸುದ್ದಿ, ಬ್ಯಾಂಕಿನ ಆರಂಕಿಯ ಗುಪ್ತಸಂಖ್ಯೆ ಎಲ್ಲವೂ ಬರುವುದು ಆ ನಂಬರಿಗೇ. ಮೇಷ್ಟರ ಮಟ್ಟಿಗೆ ಹಳೆಯ ಫೋನು ಕೊನೆಗೆ ಈ ಕೆಲಸಕ್ಕೂ ಒದಗಲಿಲ್ಲ. ಮಗಳು ಒಂದು ಫೋನು ತಂದುಕೊಟ್ಟಳು: ಇ-ಸಿಮ್‌ನಲ್ಲಿ ಅಲ್ಲಿನ ನಂಬರು, ಗೂಡಿನಲ್ಲಿ ಬೆಂಗಳೂರಿನ ಬಿಲ್ಲೆ. ಬೆಂಗಳೂರಿನ ಸಿಮ್ಮಿಗೆ ರೋಮಿಂಗ್ ಸೌಲಭ್ಯವನ್ನು ಹೊರಡುವ ಮೊದಲು ಕೇಳಿ ಪಡೆದಿರಲಿಲ್ಲವಾದ್ದರಿಂದ, ತಮ್ಮನ ಮೂಲಕ ಅದನ್ನು ಮಾಡಿಸಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ವಿಮಾ ಕಂತಿನ ಗಡುವು ಮುಗಿದುಹೋಗಿ, ದಂಡವನ್ನೂ ಸೇರಿಸಿ ಕಟ್ಟಬೇಕಾಯಿತು.