ಒಳಗಿನ ಎರಡು ಮುಖ ಮಾತ್ರ

ಮನೆಯಲ್ಲೇ ಮೇಜು ಮಾಡುವವರು ಕಾಲನ್ನು ಸಪೂರ ಮಾಡಲು ಹೋಗಿ ನಾಲ್ಕೂ ಕಡೆ ಕೆತ್ತಿಬಿಡುತ್ತಾರೆ. ಬೇಕಿಲ್ಲ. ಒಳಗಿನ ಎರಡು ಮುಖ ಇಳಿಜಾರಾದರೆ ಸಾಕು. ಹೊರಗಿನ ಎರಡು ನೆಟ್ಟಗೇ ಇರಲಿ, ಮೇಜು ಗಟ್ಟಿಯಾಗಿ ನಿಂತಂತೆ ಕಾಣುತ್ತದೆ.

28 ಇಂಚಿನ ಕಾಲಿಗೆ ಮೇಲೆ 2 ಇಂಚು ಚೌಕ, ಬುಡದಲ್ಲಿ ಒಂದೂಕಾಲು ಇಂಚು ಚೆನ್ನ. ಅಡ್ಡಪಟ್ಟಿ ಕೂರುವಷ್ಟು ಜಾಗ ಪೂರ್ತಿ ಚೌಕವಾಗಿಯೇ ಉಳಿಯಬೇಕು. ಇಳಿಜಾರು ಅದರ ಕೆಳಗಿನಿಂದ ಶುರು. ಅಡ್ಡಪಟ್ಟಿ ಸೇರುವ ತೂತು ಮೊದಲು ಕೊರೆಯಿರಿ, ಸಪೂರ ಆಮೇಲೆ. ಓರೆಯಾದ ಕಾಲನ್ನು ಅಲುಗಾಡದಂತೆ ಹಿಡಿದು ಉಳಿ ಹೊಡೆಯುವುದು ಕಷ್ಟ. ಗೆರೆಯ ಹೊರಗೆ ಗರಗಸ ಆಡಿಸಿ, ಉಳಿದದ್ದನ್ನು ಉಜ್ಜುಗೊರಡಿನಿಂದ ತೆಗೆಯಿರಿ, ದಪ್ಪದ ಕಡೆಯಿಂದ ಸಣ್ಣದರ ಕಡೆಗೆ. ಎದುರು ದಿಕ್ಕಿಗೆ ಉಜ್ಜಿದರೆ ಎಳೆ ಕಿತ್ತುಬರುತ್ತದೆ. ಬುಡದ ಅಂಚನ್ನು ಚೂರು ಸವರಿ, ಮೇಜು ಎಳೆದಾಡಿದಾಗ ಸೀಳದಿರಲಿ.

ಮರ ಯಾವುದು? ಎಲ್ಲರೂ ತೇಗ ಅನ್ನುತ್ತಾರೆ. ಚಿತ್ರದುರ್ಗದ ಬಯಲುಸೀಮೆಯಲ್ಲಿ ಬೇವಿಗೇನು ಬರ? ಗೆದ್ದಲು ಅದರ ತಂಟೆಗೆ ಬರುವುದು ಕಮ್ಮಿ. ಹಸಿಯಲ್ಲಿ ಕೆತ್ತಿದರೆ ಮಾತ್ರ ಬೇಸಿಗೆಗೆ ಸೊಟ್ಟಗಾಗುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಬೇಕು.

ಇದನ್ನೆಲ್ಲ ಯಂತ್ರವಿಲ್ಲದೆ ಮಾಡಬಲ್ಲವರು ಕುಂಟೆ, ಕೂರಿಗೆ, ಎತ್ತಿನಗಾಡಿ ಮಾಡುತ್ತಿದ್ದ ಆಚಾರ್ರು. ಟ್ರ್ಯಾಕ್ಟರು ಬಂದ ಮೇಲೆ ಅವರಿಗೆ ಕೆಲಸ ಕಮ್ಮಿ. ದುರ್ಗದ ಬಳಿಯ ಮದಕರಿಪುರದ ಸುತ್ತಮುತ್ತ ಅಂಥವರು ಯಾರಾದರೂ ಗೊತ್ತಿದ್ದರೆ, ಪ್ಲೈವುಡ್ ಅಂಗಡಿಗೆ ಹೋಗುವ ಮೊದಲು ಅವರನ್ನೊಮ್ಮೆ ಕೇಳಿ.